ಪರದೆಯ ಅಳತೆ, ಕಣ್ಣಿನ ಅಳತೆ

ಈಚಿನ ನೇತ್ರ ತಪಾಸಣಾ ಶಿಬಿರವೊಂದಕ್ಕೆ ಶಾಂತಿಗ್ರಾಮದ ಕಡೆಯಿಂದ ಬಂದಿದ್ದ ಶರಣೆಯೊಬ್ಬರು ಎರಡು ಕನ್ನಡಕಗಳನ್ನು ಮೇಜಿನ ಮೇಲಿಟ್ಟು, "ಎರಡೂ ಹಾಕಿ ನೋಡಿದೆ ಸಾರ್. ಸಂಜೆ ಆಯ್ತು ಅಂದ್ರೆ ತಲೆ ಸಿಡಿಯುತ್ತೆ. ಈ ಕೆಲಸಾನೇ ಬಿಟ್ಟುಬಿಡ್ಲಾ?" ಎಂದು ಕೇಳಿದರು. ಅವರಿಗೆ ವಯಸ್ಸು ನಲವತ್ತನಾಲ್ಕು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಸಣ್ಣಪುಟ್ಟ ಪುಸ್ತಕಗಳ ಅಕ್ಷರ ಜೋಡಣೆಯನ್ನು ಮನೆಯಲ್ಲಿ ಕುಳಿತೇ ಮಾಡಿಕೊಡುವುದು ಅವರ ಕಾಯಕ. ಮಗಳ ಕಾಲೇಜಿನ ಶುಲ್ಕ ನಡೆಯುವುದು ಆ ದುಡಿಮೆಯಿಂದ. ಪರೀಕ್ಷಿಸಿದಾಗ ಕಣ್ಣಿನ ಒತ್ತಡ, ನರ, ಮಸೂರ ಎಲ್ಲವೂ ನೆಟ್ಟಗಿದ್ದವು. ವಯೋಸಹಜವಾದ ಚಾಳೀಸು ಒಂದನ್ನು ಬಿಟ್ಟರೆ ರೋಗವೆನ್ನುವಂಥದ್ದೇನೂ ಇರಲಿಲ್ಲ.

ಹಾಗಾದರೆ ನೋವು ಎಲ್ಲಿಂದ ಬಂತು? ಅವರು ಕೆಲಸ ಮಾಡುವ ಪರದೆ ಎಷ್ಟು ದೊಡ್ಡದು, ಅದು ಎಷ್ಟು ದೂರದಲ್ಲಿದೆ ಎಂದು ಕೇಳಿದೆ. "ಇಪ್ಪತ್ತೇಳು ಇಂಚು ಸಾರ್. ದೊಡ್ಡದಾದಷ್ಟೂ ಕಣ್ಣಿಗೆ ಒಳ್ಳೇದು ಅಂದ್ರು, ಸಾಲ ಮಾಡಿ ತಂದೆ" ಎಂದರು. ಮರುದಿನ ಅವರು ಮೊಬೈಲಿನಲ್ಲಿ ಕಳುಹಿಸಿದ ಚಿತ್ರವನ್ನು ಕಂಡಾಗ ಅರ್ಧ ಉತ್ತರ ಸಿಕ್ಕಿತು. ಒಂದೂವರೆ ಅಡಿ ಅಗಲದ ಮೇಜು ಗೋಡೆಗೆ ಅಂಟಿಕೊಂಡಿತ್ತು. ಅದರ ಮೇಲೆ ಆ ಭಾರಿ ಪರದೆ. ಅದರ ನೇರಕ್ಕೆ ಹಂಚಿನ ಮಾಡಿನಲ್ಲಿ ಗಾಜಿನ ಹಂಚೊಂದು ಬೆಳಕನ್ನು ಸುರಿಯುತ್ತಿತ್ತು.

ಈ ಪುಟದಲ್ಲಿ ಮಾನಿಟರಿನ ವಿಚಾರ ಏಕೆ ಎಂದು ಭಕ್ತರಲ್ಲಿ ಕೆಲವರಿಗೆ ಅನ್ನಿಸಬಹುದು. ದೇಹವನ್ನು ಪ್ರಸಾದಕಾಯವೆಂದು ನಂಬಿದವರ ಮನೆಗಳಲ್ಲಿ ಇಂದು ನೇಗಿಲಿನಷ್ಟೇ ಸಹಜವಾಗಿ ಗಣಕಯಂತ್ರವೂ ಸೇರಿಕೊಂಡಿದೆ. ಗ್ರಾಮ ಒನ್ ಕೇಂದ್ರದಲ್ಲಿ ಕುಳಿತ ಯುವಕ, ಬೆಂಗಳೂರಿನ ಕಂಪನಿಗೆ ಅರಕಲಗೂಡಿನ ತೊಟ್ಟಿಮನೆಯಿಂದಲೇ ದುಡಿಯುವ ಮಗ, ಹೊಳೆನರಸೀಪುರದ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಸೊಸೆ, ಇವರೆಲ್ಲರೂ ದಿನದ ಏಳೆಂಟು ಗಂಟೆಗಳನ್ನು ಪರದೆಯ ಮುಂದೆ ಕಳೆಯುತ್ತಾರೆ. ಕಾಯಕದ ಸಲಕರಣೆಯನ್ನು ದೇಹಕ್ಕೆ ಹೊಂದಿಸಿಕೊಳ್ಳುವುದೂ ಆರೋಗ್ಯದ ವಿಚಾರವೇ ಆಗಿದೆ.

ಮಾನಿಟರಿನ ಗಾತ್ರವೆಂದು ಅಂಗಡಿಯವರು ಹೇಳುವ ಇಂಚು ಅದರ ಅಗಲವಲ್ಲ, ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಉದ್ದ. 24 ಇಂಚಿನ ಪರದೆಯ ಅಗಲ ಸುಮಾರು 53 ಸೆಂಟಿಮೀಟರ್. 27 ಇಂಚಿನದು 60. 32 ಇಂಚಿನದು 71. ರೆಸಲ್ಯೂಶನ್ ಎಂಬುದು ಬೇರೆಯೇ ಲೆಕ್ಕ. ಪರದೆಯ ಮೇಲಿನ ಅಕ್ಷರ, ಚಿತ್ರ ಎಲ್ಲವೂ ಸೂಕ್ಷ್ಮ ಚುಕ್ಕಿಗಳಿಂದಾದವು. ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂಬುದೇ ರೆಸಲ್ಯೂಶನ್. ಫುಲ್ ಎಚ್‌ಡಿ ಎಂದರೆ 1920 ಮತ್ತು 1080. ಕ್ಯೂಎಚ್‌ಡಿ ಎಂದರೆ 2560 ಮತ್ತು 1440. ಫೋರ್‌ಕೆ ಎಂದರೆ 3840 ಮತ್ತು 2160.

ಹೆಚ್ಚಿನವರು ಎಡವುವುದು ಇಲ್ಲಿಯೇ. ಪರದೆ ದೊಡ್ಡದಾಗಿ ಚುಕ್ಕಿಗಳ ಸಂಖ್ಯೆ ಅಷ್ಟೇ ಉಳಿದರೆ ಪ್ರತಿಯೊಂದು ಚುಕ್ಕಿಯೂ ದಪ್ಪವಾಗುತ್ತದೆ. ಒಂದೇ ಸೇರು ರಾಗಿಯನ್ನು ಸಣ್ಣ ಮೊರದಲ್ಲಿ ಹರಡಿದರೆ ಒತ್ತಾಗಿಯೂ ದೊಡ್ಡ ಮೊರದಲ್ಲಿ ಹರಡಿದರೆ ವಿರಳವಾಗಿಯೂ ಕಾಣುವಂತೆ. ಫುಲ್ ಎಚ್‌ಡಿಯ ಪರದೆ 24 ಇಂಚಿನದಾದರೆ ಒಂದು ಇಂಚಿನಲ್ಲಿ ಸುಮಾರು 92 ಚುಕ್ಕಿಗಳಿರುತ್ತವೆ. 27 ಇಂಚಿನದಾದರೆ 82ಕ್ಕಿಳಿಯುತ್ತದೆ. 32 ಇಂಚಿನದಾದರೆ 69. ಅದೇ 27 ಇಂಚಿಗೆ ಕ್ಯೂಎಚ್‌ಡಿ ಇದ್ದರೆ 109, ಫೋರ್‌ಕೆ ಇದ್ದರೆ 163.

ಕಣ್ಣಿಗೂ ಒಂದು ಎಣಿಕೆಯಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವಿರುವ ಎರಡು ಗುರುತುಗಳನ್ನು ಬೇರೆಬೇರೆಯಾಗಿ ಕಾಣಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಇದು ಹೆಚ್ಚುಕಡಿಮೆ 0.17 ಮಿಲಿಮೀಟರ್ ಆಗುತ್ತದೆ. 27 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಚುಕ್ಕಿ 0.31 ಮಿಲಿಮೀಟರ್. ಅದನ್ನು ಒಂದೂವರೆ ಅಡಿಯಿಂದ ನೋಡಿದರೆ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಅದರಿಂದ ಕಣ್ಣು ಕೆಡುವುದಿಲ್ಲ, ನಿಜ. ಆದರೆ ಅಸ್ಪಷ್ಟವಾದುದನ್ನು ಸ್ಪಷ್ಟವಾಗಿ ಓದಬೇಕೆಂಬ ಹಟದಲ್ಲಿ ನಾವು ಮುಖವನ್ನು ಮುಂದಕ್ಕೆ ಚಾಚುತ್ತೇವೆ, ಹುಬ್ಬು ಗಂಟಿಕ್ಕುತ್ತೇವೆ, ಕತ್ತು ಬಿಗಿಯುತ್ತೇವೆ. ಸಂಜೆಯ ತಲೆನೋವಿನ ಬೇರು ಎಷ್ಟೋ ಸಲ ಇಲ್ಲಿರುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ತೊಂದರೆ ಇಂಗ್ಲಿಷಿನವರಿಗಿಂತ ಒಂದು ಕೈ ಹೆಚ್ಚು. ಇಂಗ್ಲಿಷಿನ ದೊಡ್ಡಕ್ಷರವನ್ನು ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕಿಗಳಲ್ಲಿ ಬಿಡಿಸಿ ಮುಗಿಸಬಹುದು. ನಮ್ಮ ಲಿಪಿಗೆ ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಒಂದು 'ಸ್ತ್ರೀ' ಅಕ್ಷರ ಆ ಪುಟ್ಟ ಜಾಗದಲ್ಲಿ ಹಿಡಿಸುವುದಾದರೂ ಹೇಗೆ? 'ಪ'ಕ್ಕೂ 'ಫ'ಕ್ಕೂ, 'ಡ'ಕ್ಕೂ 'ಢ'ಕ್ಕೂ, 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಹೊಟ್ಟೆಸೀಳು ಒಂದೇ. ವಿರಳ ಚುಕ್ಕಿಯ ಪರದೆಯಲ್ಲಿ ಸಣ್ಣ ಅಕ್ಷರವಿಟ್ಟರೆ ಆ ಸೀಳು ಮಸುಕಾಗಿ ಹೋಗುತ್ತದೆ.

ಇದು ಬರಿಯ ಅಂದದ ಮಾತಲ್ಲ. ಪಹಣಿಯಲ್ಲಿ, ಪಡಿತರ ಚೀಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ರೈತ ಎಷ್ಟು ದಿನ ಅಲೆಯಬೇಕಾಗುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ರಾಜ್ಯದಲ್ಲಿ ಭೂಮಿ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿದಾಗ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯನ್ನು ಇಡುವ ಏರ್ಪಾಡು ಮಾಡಿದ್ದರು. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ರೈತ ತಾನೇ ಕಣ್ಣಾರೆ ನೋಡಲಿ ಎಂಬುದು ಅದರ ಉದ್ದೇಶ. ಪರದೆ ಯಾರ ಕಣ್ಣಿಗಾಗಿ ಎಂದು ಮೊದಲು ಕೇಳಿಕೊಂಡ ಆ ಯೋಚನೆ ನನಗೆ ಇಂದಿಗೂ ಮೆಚ್ಚುಗೆ.

ಶಿಬಿರಕ್ಕೆ ಬಂದ ಆ ತಾಯಿ ಇನ್ನೊಂದು ತಪ್ಪನ್ನೂ ಮಾಡಿದ್ದರು. ಬಹಳ ಜನ ಮಾಡುವ ತಪ್ಪು. ಅಕ್ಷರ ದೊಡ್ಡದಾಗಲಿ ಎಂದು ಯಂತ್ರದ ರೆಸಲ್ಯೂಶನ್ನನ್ನೇ 1366 ಮತ್ತು 768ಕ್ಕೆ ಇಳಿಸಿದ್ದರು. ಅಕ್ಷರ ದೊಡ್ಡದಾಯಿತು, ಜೊತೆಗೆ ಮಂಜೂ ಕವಿಯಿತು. ಏಕೆಂದರೆ ಪರದೆಯ ಗಾಜಿನೊಳಗಿರುವ ಚುಕ್ಕಿಗಳು 1920ರ ಲೆಕ್ಕದವು. ಇಳಿಸಿದ ಚಿತ್ರದ ಒಂದು ಚುಕ್ಕಿಯನ್ನು ಗಾಜಿನ ಸುಮಾರು 1.4 ಚುಕ್ಕಿಗಳಿಗೆ ಹಂಚಬೇಕಾಗುತ್ತದೆ. ಭಿನ್ನರಾಶಿಗೆ ಚುಕ್ಕಿಯನ್ನು ಕತ್ತರಿಸಲಾಗದೆ ಯಂತ್ರವು ಅಂಚನ್ನು ಮಸುಕುಗೊಳಿಸುತ್ತದೆ. ಸರಿಯಾದ ದಾರಿಯೆಂದರೆ ರೆಸಲ್ಯೂಶನ್ ತನ್ನ ಮೂಲ ಸಂಖ್ಯೆಯಲ್ಲೇ ಇರಲಿ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿರುವ ಸ್ಕೇಲ್ ಎಂಬುದನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಬೇಕು. ಆಗ ಅಕ್ಷರ ಹಿಗ್ಗುತ್ತದೆ, ಅಂಚು ಚೊಕ್ಕಟವಾಗಿ ಉಳಿಯುತ್ತದೆ. ಫೋರ್‌ಕೆ ಕೊಂಡವರಂತೂ ಇದನ್ನು ಮಾಡದೆ ಹೋದರೆ ಸಾಸಿವೆ ಕಾಳಿನಂಥ ಅಕ್ಷರಗಳನ್ನು ಆರಿಸುತ್ತ ಕೂರಬೇಕಾದೀತು.

ದೂರದ ಮಾತಿಗೆ ಬರೋಣ. ಪರದೆ ಒಂದು ತೋಳಿನ ಅಳತೆಯಲ್ಲಿರಬೇಕು, ಅಂದರೆ 50ರಿಂದ 70 ಸೆಂಟಿಮೀಟರ್. ಮೇಜು ಇದಕ್ಕೆ ಅವಕಾಶ ಕೊಡದಿದ್ದರೆ ದೊಡ್ಡ ಪರದೆಯ ಆಸೆಯನ್ನೇ ಬಿಡುವುದು ಲೇಸು. ಎರಡಡಿ ಅಗಲದ ಸಾಧಾರಣ ಮೇಜಿಗೆ, ಬರಹ, ಲೆಕ್ಕ, ಓದು ಇಷ್ಟೇ ಕೆಲಸವಿದ್ದವರಿಗೆ 22 ಅಥವಾ 24 ಇಂಚಿನ ಫುಲ್ ಎಚ್‌ಡಿ ಸಾಕೆಂಬುದು ನನ್ನ ಅಭಿಪ್ರಾಯ. 27 ಇಂಚೇ ಬೇಕೆಂದರೆ ಕ್ಯೂಎಚ್‌ಡಿಗೆ ಕಡಮೆಯಿಲ್ಲದ್ದನ್ನು ಕೊಳ್ಳಲಿ. ದಿನವಿಡೀ ಕನ್ನಡ ಅಕ್ಷರಗಳನ್ನೇ ತಿದ್ದುವವರಿಗೆ ಹಣದ ಅನುಕೂಲವಿದ್ದರೆ ಫೋರ್‌ಕೆ ಸುಖವೇ. 32 ಇಂಚು ನಕ್ಷೆ, ವಿನ್ಯಾಸದ ಕೆಲಸದವರಿಗೆ ಇರಲಿ.

ಎತ್ತರವೂ ಮುಖ್ಯ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿದ್ದು, ನೋಟ ಸ್ವಲ್ಪ ಇಳಿಮುಖವಾಗಿರಬೇಕು. ಬಹಳ ತಗ್ಗಾದರೆ ಕೆಳಗೊಂದು ಊಟದ ಮಣೆ ಇಟ್ಟರೆ ಸಾಕು. (ಒಬ್ಬರ ಮನೆಯಲ್ಲಿ ಸಮಗ್ರ ವಚನ ಸಂಪುಟದ ಎರಡು ಸಂಪುಟಗಳು ಮಾನಿಟರನ್ನು ಹೊತ್ತು ನಿಂತಿದ್ದನ್ನು ಕಂಡೆ. ಆ ಹದಿನೈದು ಸಂಪುಟಗಳನ್ನು ನಾಡಿಗೆ ಕೊಟ್ಟದ್ದು ಓದಲಿಕ್ಕೆ.) ಎರಡು ಭಾಗದ ಕನ್ನಡಕ ಧರಿಸುವವರು ಪರದೆಯನ್ನು ಇನ್ನಷ್ಟು ತಗ್ಗಿಸಬೇಕು, ಇಲ್ಲವಾದರೆ ಕೆಳಗಿನ ಗಾಜಿನಿಂದ ನೋಡಲು ಗಲ್ಲವನ್ನು ಮೇಲೆತ್ತಿ ಎತ್ತಿ ಕತ್ತು ನೋಯುತ್ತದೆ.

ಚಾಳೀಸಿನವರು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರಕ್ಕೆ, ಪುಸ್ತಕ ಹಿಡಿಯುವ ಅಳತೆಗೆ ಕೊಡುತ್ತಾರೆ. ಅದನ್ನು ಧರಿಸಿ 65 ಸೆಂಟಿಮೀಟರ್ ದೂರದ ಪರದೆಯನ್ನು ನೋಡಿದರೆ ಮಸುಕು. ತೆಗೆದು ನೋಡಿದರೂ ಮಸುಕು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ಕಣ್ಣಿನಿಂದ ಪರದೆಗೆ ಎಷ್ಟು ದೂರವಿದೆಯೆಂದು ಟೇಪು ಹಿಡಿದು ಅಳೆದು, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ತಾಯಿಯ ಎರಡು ಕನ್ನಡಕಗಳೂ ಪುಸ್ತಕದ ದೂರಕ್ಕೆ ಮಾಡಿಸಿದವು. ಪರದೆಯ ದೂರವನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇಷ್ಟಲಿಂಗದಲ್ಲಿ ದೃಷ್ಟಿ ನೆಡುವ ನಮಗೆ ಅನಿಮಿಷ ನೋಟ ಹೊಸದಲ್ಲ. ಆದರೆ ಅದು ಪೂಜೆಯ ಹೊತ್ತಿನ, ಶಾಂತ ಮನಸ್ಸಿನ ನೋಟ. ಕಣ್ಣು ತಣಿದಾಗ ಮುಚ್ಚಿಕೊಳ್ಳುತ್ತದೆ. ಪರದೆಯ ಮುಂದೆಯೂ ನಾವು ಅರಿಯದೆ ಎವೆಯಿಕ್ಕುವುದನ್ನು ಮರೆಯುತ್ತೇವೆ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದರ ಸುಮಾರಿನಲ್ಲಿ ಎವೆ ಬಡಿಯುವ ಕಣ್ಣು ಅಲ್ಲಿ ಅರ್ಧಕ್ಕೂ ಇಳಿಯುತ್ತದೆ. ಕಣ್ಣೀರಿನ ತೆಳುಪದರ ಆರಿ ಉರಿ, ಮರಳು ಬಿದ್ದಂಥ ಕಿರಿಕಿರಿ ತೋರುತ್ತದೆ. ಇದಕ್ಕೆ ಎಷ್ಟು ಬೆಲೆಯ ಮಾನಿಟರೂ ಮದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತಡಿ ಆಚೆಗೆ, ಕಿಟಕಿಯ ಹೊರಗಿನ ತೆಂಗಿನ ಮರವನ್ನೋ ಹೊಲದ ಬದುವನ್ನೋ ನೋಡಿ, ನಾಲ್ಕು ಬಾರಿ ಎವೆ ಮುಚ್ಚಿ ತೆರೆಯಿರಿ. ನೀಲಿ ಬೆಳಕು ತಡೆಯುವ ಕನ್ನಡಕವೆಂದು ಮಾರುವುದಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ; 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2023ರ ಪರಾಮರ್ಶೆಯಲ್ಲಿ, ಪರದೆಯ ಆಯಾಸ ಅದರಿಂದ ಕಡಮೆಯಾಗುವುದು ಕಂಡುಬಂದಿಲ್ಲ.

ಮಕ್ಕಳಿಗೆ ಪಾಠ ಕೇಳಲು ಯಂತ್ರ ಬೇಕೇಬೇಕೆಂದಾದರೆ, ಅಂಗೈ ದೂರದಲ್ಲಿ ಹಿಡಿಯುವ ಮೊಬೈಲಿಗಿಂತ ತೋಳಳತೆಯ ದೂರದ ಮಾನಿಟರೇ ವಾಸಿ. ಆದರೆ ಸಮೀಪದೃಷ್ಟಿ ಬಾರದಂತೆ ತಡೆಯಲು ನೆರವಾಗುವುದು ದಿನವೂ ಬಯಲಿನ ಬೆಳಕಿನಲ್ಲಿ ಆಡುವ ಆಟ.

ಆ ತಾಯಿಗೆ ಹೊಸ ಪರದೆ ಕೊಳ್ಳಲು ನಾನು ಹೇಳಲಿಲ್ಲ. ಹಳೆಯದರ ಸಾಲವೇ ತೀರಿರಲಿಲ್ಲ. ಮೇಜನ್ನು ಗೋಡೆಯಿಂದ ಒಂದಡಿ ಮುಂದಕ್ಕೆಳೆದು, ಪರದೆಯನ್ನು ಹಿಂದಿನ ಹಲಗೆಯ ಮೇಲೆ ಎರಡೂವರೆ ಅಡಿಯ ದೂರಕ್ಕೆ ಸರಿಸಿದರು. ದೂರ ಹೆಚ್ಚಿದಂತೆ ದಪ್ಪ ಚುಕ್ಕಿಯ ದೋಷ ತಾನಾಗಿ ಕುಗ್ಗುತ್ತದೆ. ಗಾಜಿನ ಹಂಚಿನ ಬೆಳಕು ಪರದೆಯ ಮೇಲೆ ಬೀಳದಂತೆ ಪಕ್ಕಕ್ಕೆ ತಿರುಗಿಸಿದರು, ರೆಸಲ್ಯೂಶನ್ ಮೂಲಕ್ಕೆ ತಂದು ಸ್ಕೇಲ್ 125ಕ್ಕೆ ಏರಿಸಿದರು. ಆ ದೂರಕ್ಕೆಂದೇ ಒಂದು ಕನ್ನಡಕವಾಯಿತು. ಎರಡು ತಿಂಗಳ ಬಳಿಕ ಮಠಕ್ಕೆ ಬಂದಾಗ, "ಲಗ್ನದ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದ ದಿನ ನೋಯುತ್ತೆ ಸಾರ್, ಉಳಿದ ದಿನ ಇಲ್ಲ" ಎಂದರು. ಕೆಲಸ ಬಿಟ್ಟಿಲ್ಲ.

ಹೊಸದಾಗಿ ಕೊಳ್ಳುವವರು ಹಾಸನದ ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಕನ್ನಡದ ಒಂದು ಪುಟವನ್ನು ಒಯ್ಯಿರಿ. ಅಂಗಡಿಯವರು ತೋರಿಸುವ ಬಣ್ಣದ ಹಕ್ಕಿ, ಜಲಪಾತಗಳನ್ನು ನೋಡಿ ಮರುಳಾಗದೆ, ನೀವು ದಿನವೂ ಬಳಸುವ ಅಕ್ಷರದ ಗಾತ್ರದಲ್ಲಿ ಆ ಪುಟವನ್ನು ತೆರೆಸಿ, ತೋಳು ಚಾಚಿದಷ್ಟು ದೂರದಲ್ಲಿ ಕುಳಿತು 'ಧ', 'ಢ', 'ಫ'ಗಳ ಸೀಳು ಕಾಣುವುದೇ ನೋಡಿ. ಹೊಳಪು ಗಾಜಿಗಿಂತ ಮಾಸಲು ಮೇಲ್ಮೈ ನಮ್ಮ ಬೆಳಕಿನ ಮನೆಗಳಿಗೆ ಒಪ್ಪುತ್ತದೆ. ಇಷ್ಟೆಲ್ಲ ಹೊಂದಿಸಿಕೊಂಡ ಮೇಲೂ ಒಂದು ವಸ್ತು ಎರಡಾಗಿ ಕಾಣುವುದು, ಒಂದೇ ಕಣ್ಣು ಮಂಜಾಗುವುದು, ದೀಪದ ಸುತ್ತ ಬಣ್ಣದ ಬಳೆ ತೋರುವುದು, ಕಣ್ಣು ಕೆಂಪಾಗಿ ನೋಯುವುದು ಇದ್ದರೆ ಅದು ಪರದೆಯ ದೋಷವಲ್ಲ. ತಡಮಾಡದೆ ನೇತ್ರ ವೈದ್ಯರಿಗೆ ತೋರಿಸಿ.