ಅಮ್ಹಾರಿಕ್ ಮತ್ತು ಇಂಗ್ಲಿಷ್ ಓದು: ಇಥಿಯೋಪಿಯದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಸಂದರ್ಭ

ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಗ್ರಂಥವನ್ನು ಓದಿ ಗ್ರಹಿಸಲಾರದೆ ಹೋದರೆ ಆ ಕೊರತೆ ಭಾಷೆಯದೋ, ಓದಿನದೋ? 1984ರಲ್ಲಿ ಚಾರ್ಲ್ಸ್ ಆಲ್ಡರ್‌ಸನ್ ಎತ್ತಿದ ಈ ಪ್ರಶ್ನೆಯನ್ನು ಪರಿಶೀಲಿಸಲು ಇಥಿಯೋಪಿಯ ಯೋಗ್ಯವಾದ ನಿದರ್ಶನವಾಗಿದೆ.

ಆ ದೇಶ ಆಂಗ್ಲರ ವಸಾಹತಾಗಿರಲಿಲ್ಲ. ಆದರೂ 1950ರಲ್ಲಿ ಆದಿಸ್ ಅಬಾಬಾದಲ್ಲಿ ಯೂನಿವರ್ಸಿಟಿ ಕಾಲೇಜು ಸ್ಥಾಪಿತವಾದಂದಿನಿಂದಲೂ ಅಲ್ಲಿ ಉನ್ನತ ಶಿಕ್ಷಣದ ಮಾಧ್ಯಮ ಇಂಗ್ಲಿಷ್. 1994ರ ಶಿಕ್ಷಣ ನೀತಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಗಳನ್ನು ಅಂಗೀಕರಿಸಿ, ಪ್ರೌಢ ಹಂತದಿಂದ ಮುಂದಕ್ಕೆ ಇಂಗ್ಲಿಷನ್ನೇ ಉಳಿಸಿಕೊಂಡಿತು. ಹೀಗಾಗಿ ಅಮ್ಹಾರಿಕ್ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿಯು ಶಾಸ್ತ್ರವಿಷಯಗಳ ವಿಸ್ತಾರವಾದ ಗದ್ಯವನ್ನು ಎದುರಿಸುವ ವಯಸ್ಸಿನಲ್ಲಿಯೇ ಅವನ ಓದಿನ ಭಾಷೆ ಬದಲಾಗುತ್ತದೆ.

ಅಮ್ಹಾರಿಕ್ ಬರೆಯುವ ಫಿದೆಲ್ ಲಿಪಿ ನಮ್ಮ ಕಾಗುಣಿತವನ್ನು ನೆನಪಿಗೆ ತರುತ್ತದೆ. ಒಂದೊಂದು ವ್ಯಂಜನಕ್ಕೂ ಸ್ವರಭೇದಕ್ಕನುಗುಣವಾಗಿ ಏಳು ರೂಪಗಳಿವೆ. ಆದರೆ ಕನ್ನಡದಲ್ಲಿ ಒತ್ತಕ್ಷರದಿಂದ ಸೂಚಿತವಾಗುವ ದ್ವಿತ್ವಕ್ಕೆ ಅಲ್ಲಿಯ ರೂಢಿಯ ಬರವಣಿಗೆಯಲ್ಲಿ ಚಿಹ್ನೆಯಿಲ್ಲ. ‘ಅಲೆ’ ಎಂದರೆ ‘ಹೇಳಿದನು’, ‘ಅಲ್ಲೆ’ ಎಂದರೆ ‘ಇದ್ದಾನೆ’. ಬರೆಯುವುದು ಮಾತ್ರ ಒಂದೇ ಬಗೆಯಾಗಿ. ಸಂದರ್ಭದಿಂದ ಅರ್ಥವನ್ನು ಊಹಿಸಿದ ಮೇಲೆಯೇ ಉಚ್ಚಾರಣೆ ಖಚಿತವಾಗುತ್ತದೆ. ವಾಕ್ಯದಲ್ಲಿ ಕನ್ನಡದಂತೆಯೇ ಕ್ರಿಯಾಪದವು ಕೊನೆಗೆ ಬರುತ್ತದೆ. ನಾಮಪದವನ್ನು ವಿಶೇಷಿಸುವ ಉಪವಾಕ್ಯವು ಅದಕ್ಕಿಂತ ಮೊದಲು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಈ ಕ್ರಮ ಬೇರೆ. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವೂ ಅನಿಯತ. ಆದುದರಿಂದ ಪದವನ್ನು ಗುರುತಿಸುವ, ವಾಕ್ಯವನ್ನು ಬಿಡಿಸಿಕೊಳ್ಳುವ ಕೌಶಲಗಳನ್ನು ಬಹುಮಟ್ಟಿಗೆ ಹೊಸದಾಗಿಯೇ ಕಲಿಯಬೇಕಾಗುತ್ತದೆ.

ಮುಖ್ಯಾಂಶವನ್ನು ಬೇರ್ಪಡಿಸುವುದು, ಹೇಳದೆ ಉಳಿದುದನ್ನು ಊಹಿಸುವುದು, ವಾದದ ಜಾಡನ್ನು ಹಿಡಿಯುವುದು ಮೊದಲಾದ ಮೇಲ್ಮಟ್ಟದ ಕೌಶಲಗಳ ವಿಚಾರ ಬೇರೆ. ಒಂದು ಭಾಷೆಯಲ್ಲಿ ಗಳಿಸಿದ ಇಂಥ ಸಾಮರ್ಥ್ಯವು ಮತ್ತೊಂದಕ್ಕೂ ಒದಗುತ್ತದೆಂದು ಜಿಮ್ ಕಮಿನ್ಸ್ 1979ರಲ್ಲಿ ಪ್ರತಿಪಾದಿಸಿದರು. ಆದರೆ ಎರಡನೆಯ ಭಾಷೆಯ ಜ್ಞಾನವು ಒಂದು ಹೊಸ್ತಿಲನ್ನು ದಾಟದಿದ್ದರೆ ಈ ವರ್ಗಾವಣೆ ಸಾಧ್ಯವಾಗದೆಂಬ ವಾದವೂ ಇದೆ. ಮೊದಲ ಭಾಷೆಯಲ್ಲಿಯೇ ಆ ಸಾಮರ್ಥ್ಯ ಬೆಳೆಯದಿದ್ದರೆ ವರ್ಗಾವಣೆಗೊಳ್ಳುವುದಾದರೂ ಏನು ಎಂಬುದು ಇನ್ನೂ ಮೂಲಭೂತವಾದ ಪ್ರಶ್ನೆ.

ಇಥಿಯೋಪಿಯದಲ್ಲಿ ಓದಿನ ಪರಂಪರೆ ಬಡವಾದುದಲ್ಲ. ಚರ್ಚಿನ ಶಾಲೆಗಳಲ್ಲಿ ಬಾಲಕರು ಗೀಜ್ ಭಾಷೆಯ ಕೀರ್ತನೆಗಳನ್ನು ಅರ್ಥಗ್ರಹಣಕ್ಕೆ ಮುನ್ನವೇ ಗಟ್ಟಿಯಾಗಿ ಪಠಿಸುತ್ತಿದ್ದರು. ಮುಂದಿನ ಹಂತದ ‘ಕಿನೆ’ ಕಾವ್ಯದಲ್ಲಿ ‘ಮೇಣ ಮತ್ತು ಚಿನ್ನ’ವೆಂದು ಹೆಸರಾದ ದ್ವಂದ್ವಾರ್ಥವನ್ನು ಭೇದಿಸುವುದು ಪಾಂಡಿತ್ಯದ ಲಕ್ಷಣವಾಗಿತ್ತು. ನಮ್ಮ ಚಂಪೂಕವಿಗಳ ಶ್ಲೇಷವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ಹತ್ತಾರು ಪುಟಗಳ ಶಾಸ್ತ್ರಗದ್ಯವನ್ನು ಮೌನವಾಗಿ, ವೇಗವಾಗಿ, ವಿಮರ್ಶಾತ್ಮಕವಾಗಿ ಓದುವ ಅಭ್ಯಾಸವು ಇದರಿಂದ ತಾನಾಗಿಯೇ ಸಿದ್ಧಿಸುವುದಿಲ್ಲ.

ಆದುದರಿಂದ ಇಂಗ್ಲಿಷ್ ಪರೀಕ್ಷೆಯೊಂದನ್ನೇ ನೆಚ್ಚಿ ವಿದ್ಯಾರ್ಥಿಯನ್ನು ಅಳೆಯುವುದು ಅಪೂರ್ಣ. ಒಬ್ಬನೇ ವಿದ್ಯಾರ್ಥಿಗೆ ಎರಡೂ ಭಾಷೆಗಳಲ್ಲಿ ವಿಷಯ, ದೈರ್ಘ್ಯ, ಕ್ಲಿಷ್ಟತೆಗಳಲ್ಲಿ ಸಮಾನವಾದ ಭಾಗಗಳನ್ನು ಕೊಡಬೇಕು. ಅಮ್ಹಾರಿಕ್‌ನಲ್ಲಿ ಸಮರ್ಥನಾಗಿದ್ದು ಇಂಗ್ಲಿಷಿನಲ್ಲಿ ಮಾತ್ರ ಎಡವಿದವನಿಗೆ ಶಬ್ದಸಂಪತ್ತಿನ, ವಾಕ್ಯಜ್ಞಾನದ ನೆರವು ಬೇಕು. ಎರಡರಲ್ಲಿಯೂ ಎಡವಿದವನಿಗೆ ಓದುವ ಕ್ರಮವನ್ನೇ, ಅದೂ ಅವನು ಬಲ್ಲ ಭಾಷೆಯಿಂದ ಆರಂಭಿಸಿ, ಕಲಿಸಬೇಕು. ಇಬ್ಬರಿಗೂ ಇಂಗ್ಲಿಷ್ ವ್ಯಾಕರಣದ ಒಂದೇ ಪಾಠವನ್ನು ಹೇಳಿದರೆ ಎರಡನೆಯವನ ಕೊರತೆ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಎಚ್ಚರವೂ ಅಗತ್ಯ. ಅಮ್ಹಾರಿಕ್ ಎಲ್ಲ ವಿದ್ಯಾರ್ಥಿಗಳ ಮಾತೃಭಾಷೆಯಲ್ಲ. 1991ರ ಅನಂತರ ಲ್ಯಾಟಿನ್ ಲಿಪಿಯಲ್ಲಿ ಓರೊಮೊ ಭಾಷೆಯನ್ನು ಕಲಿತ ವಿದ್ಯಾರ್ಥಿಗೆ ಅಮ್ಹಾರಿಕ್ ಎರಡನೆಯ ಭಾಷೆ, ಫಿದೆಲ್ ಎರಡನೆಯ ಲಿಪಿ. ಅವನ ಅಮ್ಹಾರಿಕ್ ಅಂಕಗಳನ್ನು ಸ್ವಭಾಷೆಯ ಓದಿನ ಅಳತೆಯೆಂದು ಭಾವಿಸಿದರೆ ತೀರ್ಮಾನ ತಪ್ಪುತ್ತದೆ. ಮನೆಯ ಭಾಷೆ, ಶಾಲೆಯ ಭಾಷೆ, ನೆರೆಯ ಭಾಷೆಗಳು ಬೇರೆಬೇರೆಯಾಗಿರುವ ಹೊರನಾಡ ಕನ್ನಡ ವಿದ್ಯಾರ್ಥಿಗಳನ್ನು ಅಭ್ಯಸಿಸುವವರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈತ ಓದುವುದನ್ನು ಕಲಿತದ್ದು ಯಾವ ಭಾಷೆಯಲ್ಲಿ?