ಹಳೆಯ ಗಣಕಕ್ಕೆ ಹೊಸ ಸಾರಥಿ

ಹರಿಹರದ ಬಳಿಯ ಸಾರಥಿ ಗ್ರಾಮದ ಹೆಸರನ್ನು ಕೇಳಿದೊಡನೆ ರಥ ನಡೆಸುವವನು ನೆನಪಾಗುತ್ತಾನೆ. ಗಣಕಯಂತ್ರದ ಸ್ಮೃತಿ, ತೆರೆ, ಕೀಲಿಮಣೆಗಳನ್ನೆಲ್ಲ ನಡೆಸುವ ಕಾರ್ಯಾಚರಣೆ ವ್ಯವಸ್ಥೆಯೂ ಅಂತಹ ಸಾರಥಿಯೇ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿಯಿತು. ಆ ಬೆಂಬಲವಿಲ್ಲದಿದ್ದರೆ ಹೊಸದಾಗಿ ಕಂಡುಬರುವ ಭದ್ರತಾ ದೋಷಗಳು ಹಾಗೆಯೇ ಉಳಿಯುತ್ತವೆ. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸಾಧನವು ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಹಾಗೆಂದು ರಥವನ್ನೇ ಎಸೆಯಬೇಕೆ?

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಉಚಿತವಾಗಿ ದೊರೆಯುತ್ತದೆ. ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್‌ಗೆ 64 ಬಿಟ್ ಯಂತ್ರವೂ 2 ಗಿಗಾಬೈಟ್ ಸ್ಮೃತಿಯೂ ಸಾಕು. 4 ಇದ್ದರೆ ಉತ್ತಮ. ಮೊದಲು ಅದನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಮುದ್ರಕ, ಕನ್ನಡದ ಬೆರಳಚ್ಚುಗಳನ್ನು ಪರೀಕ್ಷಿಸೋಣ. ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿದ ಬಳಿಕವೇ ಸ್ಥಾಪಿಸೋಣ. ಪರೀಕ್ಷಿಸದೆ ಲಗಾಮನ್ನು ಯಾರ ಕೈಗೂ ಕೊಡಲಾಗದಷ್ಟೆ!