ಎರಡೂ ಕಿವಿಯ ನರಕ್ಕೆ ಗಡ್ಡೆ: ಕುಷ್ಟಗಿಯವರು ಹಿಡಿಯುವ ದಾರಿ

ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಹುಬ್ಬಳ್ಳಿಯ ಕಿಮ್ಸ್‌ಗೆ ಹೋಗುವವರಿಗೆ ಅದರಿಂದ ಅನುಕೂಲವಾಯಿತು. ಆದರೆ ತಲೆಯೊಳಗೆ ಗಡ್ಡೆ, ಅದೂ ಎರಡೂ ಕಿವಿಯ ನರಕ್ಕೆ ಎಂದಾದರೆ ಈ ಸೀಮೆಯ ಜನ ಈಗಲೂ ಹತ್ತುವುದು ಬೆಂಗಳೂರಿನ ರಾತ್ರಿ ಬಸ್ಸನ್ನೇ. ಇಳಿದು ಹುಡುಕುವುದು ಹೊಸೂರು ರಸ್ತೆಯ ನಿಮ್ಹಾನ್ಸ್.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ನೆರೆಯಲ್ಲೇ ಇದರ ಗೇಟು. ‘ಅದು ಹುಚ್ಚರ ಆಸ್ಪತ್ರಿ ಅಲ್ಲೇನ್ರಿ’ ಎಂದು ಊರಲ್ಲಿ ಹಿಂಜರಿಯುವವರು ಇನ್ನೂ ಇದ್ದಾರೆ. ಆ ಮಾತಿಗೆ ಬೇರಿದೆ: ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಪೇಟೆಯಿಂದ ಇಲ್ಲಿಗೆ ಬಂದದ್ದು 1930ರ ದಶಕದಲ್ಲಿ. 1974ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಮಿದುಳಿನ ಶಸ್ತ್ರಚಿಕಿತ್ಸೆ ಇಲ್ಲಿ ಹೊಸದಲ್ಲ.

ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಎಲ್ಲರ ತೊಡೆಯ ಮೇಲೂ ಎಂಆರ್‌ಐ ಫಿಲ್ಮಿನ ದೊಡ್ಡ ಕವರು. ನಮ್ಮ ಕಡೆಯವರು ಈ ಕಾಯಿಲೆಯನ್ನು ಹೇಳಿಕೊಳ್ಳುವುದು ಹೀಗೆ: ‘ಎಡಗಿವಿಗೆ ಫೋನ್ ಹಚ್ಚಿದ್ರ ಕೇಳಂಗಿಲ್ರಿ, ಗುಂಯ್ ಅಂತೈತಿ, ಕತ್ತಲದಾಗ ನಡದ್ರ ಜೋಲಿ ಹೊಡೀತೈತಿ.’ ನ್ಯೂರೋಫೈಬ್ರೊಮಟೋಸಿಸ್ ಟೈಪ್ 2 ಎಂಬ ವಂಶವಾಹಿ ರೋಗದ ಲಕ್ಷಣ ಇವು. 22ನೇ ವರ್ಣತಂತುವಿನಲ್ಲಿರುವ ಇದರ ಜೀನು ಪತ್ತೆಯಾದದ್ದು 1993ರಲ್ಲಿ. ಆ ಜೀನು ಕೆಟ್ಟರೆ ಕೇಳುವ ಮತ್ತು ಸಮತೋಲದ ನರಗಳ ಮೇಲೆ, ಎರಡೂ ಬದಿಗೆ, ಗಡ್ಡೆ ಬೆಳೆಯುತ್ತದೆ. ಬಹುಮಟ್ಟಿಗೆ ಹರೆಯದಲ್ಲೇ.

ವಂಶದ ರೋಗ ಎಂದೊಡನೆ ಸೋದರಮಾವನಿಗೆ ಕೊಟ್ಟ ಮದುವೆಯ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ನಡೆಯದು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ; ಇನ್ನು ಸುಮಾರು ಅರ್ಧದಷ್ಟು ರೋಗಿಗಳ ಮನೆಯಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ. ಸೊಸೆಯನ್ನು ಬೈದು ಪ್ರಯೋಜನವಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲು ನಮ್ಮಂಥವರಿಗೆ ತೆರೆಯದು. ಒಳಗಿನ ಕೆಲಸ ಹೀಗಿರುತ್ತದೆ: ಕಿವಿಯ ಹಿಂದೆ ಕೊಯ್ದು, ಬುರುಡೆಯಲ್ಲಿ ಸಣ್ಣ ಕಿಂಡಿ ಕೊರೆದು, ಕಿರುಮಿದುಳನ್ನು ಮೆಲ್ಲಗೆ ಸರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಗಡ್ಡೆಯನ್ನು ತುಣುಕು ತುಣುಕಾಗಿ ತೆಗೆಯುತ್ತಾರೆ. ಮುಖದ ನರ ಗಡ್ಡೆಯ ಮೈಗೆ ಅಂಟಿ ತೆಳ್ಳಗೆ ಹರಡಿಕೊಂಡಿರುತ್ತದೆ. ಅದು ತುಂಡಾದರೆ ಬಾಯಿ ವಾಲುತ್ತದೆ, ಕಣ್ಣು ಮುಚ್ಚದು. ಅದಕ್ಕೇ ಮುಖದ ಸ್ನಾಯುಗಳಿಗೆ ಎಲೆಕ್ಟ್ರೋಡು ಚುಚ್ಚಿರುತ್ತಾರೆ. ಉಪಕರಣ ಆ ನರವನ್ನು ಕೆಣಕಿದರೆ ಯಂತ್ರ ಸದ್ದು ಮಾಡುತ್ತದೆ. ಈ ಕಾಯಿಲೆಯಲ್ಲಿ ಗಡ್ಡೆ ಒಂದೇ ಉಂಡೆಯಾಗಿರದೆ ದ್ರಾಕ್ಷಿ ಗೊಂಚಲಿನಂತೆ ನರದ ಎಳೆಗಳ ನಡುವೆ ತೂರಿರುವುದೂ ಉಂಟು. ಕೇಳುವ ಶಕ್ತಿ ಉಳಿಸುವುದು ಕಷ್ಟವಾಗುವುದು ಅದರಿಂದಲೇ.

ಹೀಗಾಗಿ ಕೊಯ್ಯುವುದಕ್ಕಿಂತ ಯಾವಾಗ ಕೊಯ್ಯಬೇಕು, ಯಾವ ಬದಿಯನ್ನು ಮೊದಲು ಎಂಬುದೇ ದೊಡ್ಡ ಪ್ರಶ್ನೆ. ಗಡ್ಡೆ ಮಿದುಳಿನ ಕಾಂಡವನ್ನು ಒತ್ತುತ್ತಿದ್ದರೆ ತಡ ಮಾಡುವಂತಿಲ್ಲ. ಸಣ್ಣದಿದ್ದರೆ ಕಾಲಕಾಲಕ್ಕೆ ಎಂಆರ್‌ಐ ಮಾಡಿಸುತ್ತ ಕಾಯುತ್ತಾರೆ. ಕೇಳುತ್ತಿರುವ ಒಂದೇ ಕಿವಿಯನ್ನು ಆತುರದಿಂದ ಯಾರೂ ಮುಟ್ಟುವುದಿಲ್ಲ. ಗಾಮಾ ನೈಫ್ ವಿಕಿರಣವಿದೆ, ಆದರೆ ಈ ರೋಗದಲ್ಲಿ ಅದರ ಫಲ ಒಂಟಿ ಗಡ್ಡೆಯಲ್ಲಿ ಸಿಗುವಷ್ಟಿಲ್ಲ. ಬೆವಾಸಿಜುಮ್ಯಾಬ್ ಎಂಬ ಚುಚ್ಚುಮದ್ದು ಕೆಲವರಲ್ಲಿ ಗಡ್ಡೆಯನ್ನು ಕುಗ್ಗಿಸುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಎರಡೂ ನರ ಹೋದವರಿಗೆ ಮಿದುಳಿನ ಕಾಂಡಕ್ಕೇ ಕೂರಿಸುವ ಶ್ರವಣ ಸಾಧನ ಉಂಟು. 1979ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲು ಕೂರಿಸಿದ್ದೂ ಇದೇ ರೋಗದವರಿಗೆ.

ಆವರಣದಲ್ಲೇ ಮಿದುಳಿನ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಜೊತೆಗೆ ಬಂದವರು ನೋಡಿದರೆ ವೈದ್ಯರ ಮಾತು ಅರ್ಧ ಅರ್ಥವಾದಂತೆ.

ಬೆಂಗಳೂರಿಗೆ ಹೊರಡುವವರು ಬಿಪಿಎಲ್ ಕಾರ್ಡು, ಹಳೆಯ ಎಲ್ಲ ಫಿಲ್ಮು ಜೊತೆಗಿಟ್ಟುಕೊಳ್ಳಿ. ಹರೆಯದವರಿಗೆ ಒಂದು ಕಿವಿ ಮಂದವಾಗಿ ಮೊರೆತ ನಿಲ್ಲದಿದ್ದರೆ ಎಣ್ಣೆ ಬಿಟ್ಟು ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಮನೆಯಲ್ಲಿ ಒಬ್ಬರಿಗೆ ಈ ರೋಗ ಖಚಿತವಾಗಿದ್ದರೆ, ಅವರ ಮಕ್ಕಳನ್ನು ಲಕ್ಷಣ ಕಾಣುವ ಮುನ್ನವೇ ತಪಾಸಣೆಗೆ ಕರೆದೊಯ್ಯಿರಿ.